ಚೇಚಿ ಕಲಿಸಿದ ಪೋರ್ಚುಗೀಸ್

ಚೇಚಿಯ ಎಡ ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಕಲೆಯಿತ್ತು. ಬಳೆ ತೊಟ್ಟರೆ ಮುಚ್ಚಿಹೋಗುವಷ್ಟೇ ಇತ್ತು. ಅವರು ಬಳೆ ತೊಡುತ್ತಿರಲಿಲ್ಲ. ವಿರಾಜಪೇಟೆಯಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ್ದೇ ಅವರ ಮನೆ. ಮಲಯಾಳಂ ಮಾತಿನವರಾದ್ದರಿಂದ ಬೀದಿಯವರೆಲ್ಲ ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಕೊಡ್ಲಿಪೇಟೆ ಕಡೆಯಿಂದ ಮದುವೆಯಾಗಿ ಬಂದ ನಾನೂ ಹಾಗೇ ಕರೆದೆ. ಬಹಳ ವರ್ಷ ಲಿಸ್ಬನ್ನಿನಲ್ಲಿ ಮನೆಗೆಲಸ ಮಾಡಿ ಊರಿಗೆ ಮರಳಿದವರು ಅವರು.

ನನ್ನ ಗಂಡ ಲಿಸ್ಬನ್ನಿನ ಹೋಟೆಲೊಂದರಲ್ಲಿ ಅಡುಗೆಗೆ ಸೇರಿ, ನನಗೂ ಒಂದು ಮನೆಯಲ್ಲಿ ಕೆಲಸ ಗೊತ್ತುಮಾಡಿದಾಗ, ಭಾಷೆ ಕಲಿಸಿಕೊಡಿ ಎಂದು ಅವರ ಬಳಿಗೇ ಹೋದೆ. ಕೂತು ಕಲಿಯುವ ಪಾಠವಲ್ಲ ಅದು. ಪೊರಕೆ ಕೈಗೆ ಕೊಟ್ಟು ‘ವರ್ರೇರ್ ಉ ಶಾಂವ್’ ಎನ್ನುತ್ತಿದ್ದರು. ನೆಲ ಗುಡಿಸಿ ಮುಗಿಯುವವರೆಗೂ ನಾನು ಅದನ್ನೇ ಹೇಳಬೇಕು. ಪಾತ್ರೆ ತೊಳೆಯುವಾಗ ‘ಲವಾರ್ ಆ ಲೋಯ್ಸ’. ನಾಲಗೆ ತೊಡರಿದರೆ ತೊಳೆದದ್ದನ್ನೇ ಮತ್ತೆ ತೊಳೆಯಬೇಕು. ನನಗೆ ಬೇಸರ ಬಂದಾಗ, ಮೇಜು, ಚಾವಿ, ಬಾಲ್ದಿ ಎಲ್ಲ ಪೋರ್ಚುಗೀಸರ ಮಾತುಗಳೇ, ಅರ್ಧ ನಿನಗೆ ಆಗಲೇ ಬರುತ್ತದೆ ಎಂದು ಸಮಾಧಾನ ಹೇಳುತ್ತಿದ್ದರು. ಆಗ ಅವರ ಮನೆಯಷ್ಟು ಚೊಕ್ಕಟವಾದ ಮನೆ ನಮ್ಮ ಬೀದಿಯಲ್ಲೇ ಇರಲಿಲ್ಲ.

ಒಂದು ದಿನ ಅವರು ಏನು ಹೇಳಿದರೂ ನಾನು ‘ಸಿಂ, ಸೆಞೋರ’ ಎನ್ನುತ್ತ ಹೋದೆ. ಹೌದು ಅಮ್ಮಾ ಎಂದು ಅದರ ಅರ್ಥ. ಚೇಚಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

“ನಂಗೂ ಮೊದ್ಲು ಅದೊಂದೇ ಬರ್ತಿತ್ತು,” ಎಂದರು. “ಒಂದ್ಸಲ ಜೋರು ಜ್ವರ. ಇಸ್ತ್ರಿ ಮಾಡು ಅಂದ್ರು, ಸಿಂ ಅಂದೆ. ತಲೆ ಸುತ್ತಿ ಇಸ್ತ್ರಿಪೆಟ್ಟಿಗೆ ಮೇಲೇ ಬಿದ್ದೆ. ಆ ಮನೆ ಅಜ್ಜಿನೇ ಮದ್ದು ಹಚ್ಚಿ ಅತ್ರು, ಯಾಕೆ ಹೇಳ್ಲಿಲ್ಲ ಅಂತ. ಹೇಳ್ಲಿಕ್ಕೆ ಮಾತು ಬೇಕಲ್ಲ?”

ಅಂದು ಕೆಲಸ ಮಾಡಿಸಲಿಲ್ಲ. ಜಗಲಿಯಲ್ಲಿ ಎದುರು ಕೂರಿಸಿಕೊಂಡು ‘ನಾಂವ್ ಪೊಸು’, ನನ್ನಿಂದಾಗದು, ಎಂದು ಹೇಳಿಸಿದರು. ನಾನು ಮೆಲ್ಲಗೆ ಹೇಳಿದೆ. ತಲೆ ಎತ್ತಿ ಹೇಳು ಎಂದರು. ದನಿ ಗಟ್ಟಿಯಾಗುವವರೆಗೂ ಬಿಡಲಿಲ್ಲ.

ಲಿಸ್ಬನ್ನಿಗೆ ಬಂದ ಮೊದಲ ಚಳಿಗಾಲದಲ್ಲೇ ನಾನು ಬಸುರಿಯಾದೆ. ಯಜಮಾನಿಗೆ ಇನ್ನೂ ಗೊತ್ತಿರಲಿಲ್ಲ. ಏಣಿ ತಂದಿಟ್ಟು, ಮೇಲಿನ ಕಿಟಕಿ ಒರೆಸಲು ಹೇಳಿದರು. ಆಗಲೇ ಒಮ್ಮೆ ಗರ್ಭ ಇಳಿದುಹೋಗಿದ್ದವಳು ನಾನು. ಅವರ ಮುಖ ನೋಡಿ ‘ನಾಂವ್ ಪೊಸು’ ಎಂದು ಹೊಟ್ಟೆಯ ಮೇಲೆ ಕೈಯಿಟ್ಟೆ. ಅವರು ಏಣಿಯನ್ನು ತಾವೇ ಎತ್ತಿ ಒಳಗಿಟ್ಟು ಬಂದರು. ಫೋನಿನಲ್ಲಿ ಇದನ್ನು ತಿಳಿಸಿದಾಗ ಚೇಚಿ, “ಗಟ್ಟಿಯಾಗಿ ಹೇಳಿದ್ಯಾ?” ಎಂದಷ್ಟೇ ಕೇಳಿದರು.

ಅದಾಗಿ ಸ್ವಲ್ಪ ದಿನಕ್ಕೆ, ಊರಲ್ಲಿ ಕಾಫಿ ಹೂಬಿಡುವ ಹೊತ್ತಿಗೆ, ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಕೆಲಸದ ಮನೆಯಲ್ಲಿದ್ದೆ. ಅಳು ಕೇಳಿ ಬಂದ ಯಜಮಾನಿ, ಹೋದವರು ಯಾರು ಎಂದು ಕೇಳಿದರು. ಗುಡಿಸುವುದಕ್ಕೆ, ತೊಳೆಯುವುದಕ್ಕೆ, ಒರೆಸುವುದಕ್ಕೆ ನನ್ನಲ್ಲಿ ಮಾತಿತ್ತು. ಅಕ್ಕ ಎನ್ನುವುದಕ್ಕೆ ಇರಲಿಲ್ಲ. ಎರಡು ಬೆರಳು ಜೋಡಿಸಿ, ನಾನು, ಅವರು ಎಂದು ತೋರಿಸಿದೆ. ಯಜಮಾನಿ ನನ್ನ ಪಕ್ಕದಲ್ಲಿ ಕೂತು, ‘ಇರ್ಮಾಂ’ ಎಂದರು.

ಆ ಒಂದು ಮಾತನ್ನು ಮಾತ್ರ ನಾನು ಬೇರೆಯವರಿಂದ ಕಲಿತೆ.