ಪಿ.ಟಿ. ಮಿಸ್ ಹಗ್ಗ ಹಾರಿದ್ದು

ಅವರು ಕುರ್ಚಿಯಲ್ಲಿ ಕೂರುವಾಗ ಎಡಮಂಡಿಯಿಂದ ಟಕ್ ಎಂದು ಒಂದು ಸದ್ದು ಬರುತ್ತಿತ್ತು, ಒಣಕಡ್ಡಿ ಮುರಿದ ಹಾಗೆ. ಹೊಸಬರು ಬೆಚ್ಚಿ ನೋಡುತ್ತಿದ್ದರು. ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಿಳಿ ಕ್ಯಾನ್ವಾಸ್ ಶೂ ಹಾಕಿದ ಪಾದಗಳನ್ನು ಜೋಡಿಸಿಟ್ಟು, ಬೆನ್ನನ್ನು ಕುರ್ಚಿಗೆ ತಾಗಿಸದೆ ಕೂರುತ್ತಿದ್ದರು. ವಿಜಯನಗರದ ನಮ್ಮ ಶಾಲೆಯ ಹುಡುಗಿಯರಿಗೆಲ್ಲ ಅವರು ಪಿ.ಟಿ. ಮಿಸ್. ನನಗೆ ಮದುವೆಯಾಗಿ, ಮಗಳು ಹುಟ್ಟಿ, ನಾನೇ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದಮೇಲೂ ನನ್ನ ಬಾಯಲ್ಲಿ ಅವರು ಪಿ.ಟಿ. ಮಿಸ್ಸೇ.

ನಮ್ಮ ಶಾಲೆಗೆ ಮೈದಾನ ಅಂತ ಇದ್ದದ್ದು ಒಂದು ಅಂಗಳ. ಥ್ರೋಬಾಲ್ ಸ್ವಲ್ಪ ಜೋರಾಗಿ ಹೋದರೆ ಕಾಂಪೌಂಡ್ ದಾಟಿ ರಸ್ತೆಗೆ ಬೀಳುತ್ತಿತ್ತು. ಮಿಸ್ ಗೇಟಿನಿಂದಾಚೆ ಹೋಗಿ, ಬರುತ್ತಿದ್ದ ಸಿಟಿ ಬಸ್ಸಿಗೆ ಅಂಗೈ ಅಡ್ಡ ಹಿಡಿದು ನಿಲ್ಲಿಸಿ, ಚೆಂಡು ಎತ್ತಿಕೊಂಡು ಬರುತ್ತಿದ್ದರು. ಡ್ರೈವರುಗಳು ಒಂದು ಸಲವೂ ಬೈದದ್ದು ನೆನಪಿಲ್ಲ. ಬಿಸಿಲಲ್ಲಿ ಆಡಿಸಿದರೆ ಮಕ್ಕಳು ಕಪ್ಪಗಾಗುತ್ತಾರೆ ಎಂದು ದೂರು ತಂದ ತಾಯಂದಿರಿಗೆ, “ಕಪ್ಪಗಾದ್ರೆ ಏನ್ ರೀ? ನಾನಿಲ್ವಾ?” ಎಂದು ನಗುತ್ತಿದ್ದರು. ಹುಡುಗಿಯರನ್ನೆಲ್ಲ ಕರೆಯುತ್ತಿದ್ದದ್ದು ‘ಮರಿ’ ಎಂದು. ಗೆರೆಯ ಹತ್ತಿರ ನಿಂತು ಓಡಲೋ ಬೇಡವೋ ಎಂದು ಮೀನಮೇಷ ಎಣಿಸುವ ನನ್ನಂಥವಳಿಗೆ ಅವರದು ಒಂದೇ ಮಾತು: “ನೋಡಿದ್ದು ಸಾಕು ಮರಿ, ಓಡು!”

ಮರಳು ಗುಂಡಿಯೊಂದಿತ್ತು, ಅಡ್ಡಕ್ಕೆ ಒಂದು ಬಿದಿರಿನ ಗಳ. ಹೈಜಂಪ್ ಕಲಿಸುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೆಜ್ಜೆಯ ಗುರುತು ಬರೆದು ತೋರಿಸುವರು, ಸೊಂಟ ಹಿಡಿದು ತಿರುಗಿಸುವರು, ಗಳ ಬಿದ್ದರೆ ತಾವೇ ಎತ್ತಿಡುವರು. ಆದರೆ ತಾವು ಮಾತ್ರ ಒಂದು ಸಲವೂ ಹಾರಿ ತೋರಿಸಲಿಲ್ಲ. ಸೀರೆ ಉಟ್ಟಿರುವುದರಿಂದ ಎಂದುಕೊಂಡಿದ್ದೆವು.

ಅವರು ನಿವೃತ್ತರಾದ ಎಷ್ಟೋ ವರ್ಷಗಳ ನಂತರ ನಾವು ಗೋವಿಂದರಾಜನಗರದಲ್ಲಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಒಂದು ಬೆಳಿಗ್ಗೆ ತಳ್ಳುಗಾಡಿಯ ಮುಂದೆ ಬಗ್ಗಿ ಬೀನ್ಸ್ ಆರಿಸುತ್ತಿದ್ದೆ. ಹಿಂದಿನಿಂದ, “ಬೆನ್ನು ನೆಟ್ಟಗೆ ಮರಿ!” ಎಂದು ಕೇಳಿಸಿತು. ಯಾರೆಂದು ತಿರುಗಿ ನೋಡುವ ಮೊದಲೇ ನನ್ನ ಬೆನ್ನು ನೆಟ್ಟಗಾಗಿತ್ತು. ಪಿ.ಟಿ. ಮಿಸ್! ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶೂ ಅದೇ ಬಿಳಿ. ನಮ್ಮದೇ ಕ್ರಾಸಿನ ಕೊನೆಯ ಮನೆಯಲ್ಲಿ ಅವರೊಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಕೆಂಗೇರಿ ಉಪನಗರದಲ್ಲಿದ್ದ ತಮ್ಮನ ಮಗಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ಆ ಹೊತ್ತಿಗೆ ನನಗೆ ಹೊಟ್ಟೆಯ ಆಸಿಡ್ ಮೇಲಕ್ಕೆ ಬರುವ ಕಾಯಿಲೆ ಹಳೆಯದಾಗಿತ್ತು. ಮೊದಮೊದಲು ಬರೀ ಎದೆಯುರಿ. ಜೀರಿಗೆ ಕಷಾಯ, ತಣ್ಣನೆ ಹಾಲು, ಮಾತ್ರೆ ಅಂತ ದಿನ ದೂಡಿದೆ. ಆಮೇಲೆ ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ಬರತೊಡಗಿತು. ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಕೊನೆಗೆ ಅದು ಸ್ವರಕ್ಕೇ ಕೈಯಿಟ್ಟಿತು. ಹಳಗನ್ನಡ ಪದ್ಯವನ್ನು ರಾಗವಾಗಿ ಓದುತ್ತಿದ್ದವಳಿಗೆ ಎರಡನೇ ಸಾಲಿಗೇ ಗಂಟಲು ಒಡೆಯುತ್ತಿತ್ತು. ಮಾತ್ರೆಗಳಿಂದ ಇನ್ನು ಆಗದು, ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಶಾಲಿನಂತೆ ಸುತ್ತಿ ಹೊಲಿದುಬಿಡುತ್ತಾರಂತೆ. ಮೇಲೆ ಬರುವುದಕ್ಕೆ ದಾರಿಯೇ ಇರುವುದಿಲ್ಲವಂತೆ.

ಆಪರೇಷನ್ ಸುಸೂತ್ರವಾಯಿತು. ಮನೆಗೆ ಬಂದಮೇಲೆ ನೋಡಿಕೊಳ್ಳುವವರು ಯಾರು? ನನ್ನ ತಾಯಿ ತೀರಿಕೊಂಡಿದ್ದರು, ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ಯಜಮಾನರು ರಜೆ ಮುಗಿದು ಫ್ಯಾಕ್ಟರಿಗೆ ಹೊರಟ ದಿನ ಬಾಗಿಲು ಬಡಿದ ಸದ್ದಾಯಿತು. ಮಿಸ್ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

“ಗಂಜಿ ತಂದಿದೀನಿ. ಡಾಕ್ಟ್ರು ತೆಳ್ಳಗಿರೋದೇ ಕೊಡಿ ಅಂದಿದಾರಂತಲ್ಲ?”

ಕುಡಿದೆ. ಉಪ್ಪಿರಲಿಲ್ಲ, ತಳ ಹಿಡಿದ ವಾಸನೆ ಮಾತ್ರ ಧಾರಾಳವಾಗಿತ್ತು. ನನ್ನ ಮುಖ ನೋಡಿ ತಾವೂ ಒಂದು ಲೋಟ ಬಗ್ಗಿಸಿಕೊಂಡು ಬಾಯಿಗಿಟ್ಟರು.

“ಅಯ್ಯೋ ಶಿವನೇ! ಇದನ್ನ ಹೇಗ್ ಕುಡಿದೆ ಮರಿ? ಜನ್ಮದಲ್ಲಿ ನಂಗೆ ಅಡುಗೆ ಬರ್ಲಿಲ್ಲ ಕಣೇ.”

ನಗು ಬಂತು. ನಕ್ಕರೆ ಹೊಟ್ಟೆಯ ಹೊಲಿಗೆಗಳು ಎಳೆದವು. “ನಗಿಸ್ಬೇಡಿ ಮಿಸ್, ನೋಯತ್ತೆ” ಎಂದು ಹೊಟ್ಟೆ ಹಿಡಿದುಕೊಂಡೆ. ಅವರಿಗೂ ನಗು ತಡೆಯಲಾಗಲಿಲ್ಲ. ಮರುದಿನದಿಂದ ಗಂಜಿ ನಮ್ಮ ಮನೆಯ ಕುಕ್ಕರಿನಲ್ಲೇ ಆಗತೊಡಗಿತು. ನಾನು ಕೂತು ಹೇಳುವುದು, ಅವರು ಮಾಡುವುದು. ಆದರೆ ನನ್ನ ಎದುರು ಕೂತು ಅವರೂ ಅದೇ ಗಂಜಿಯನ್ನೇ ಕುಡಿಯುತ್ತಿದ್ದರು. “ನೀವ್ಯಾಕೆ ಮಿಸ್, ಬೇರೆ ಏನಾದ್ರೂ ಮಾಡ್ಕೊಳ್ಳಿ” ಎಂದರೆ, “ಒಬ್ಳೇ ತಿನ್ನೋದು ನಂಗೇನು ಹೊಸದಾ? ಜೊತೆಗೊಬ್ರು ಸಿಕ್ಕಿದಾರೆ, ಸುಮ್ನಿರು” ಎನ್ನುತ್ತಿದ್ದರು.

ಗಂಜಿಯಾದಮೇಲೆ ತಾರಸಿಯಲ್ಲಿ ನಡಿಗೆ. ಬಟ್ಟೆ ಒಣಹಾಕುವ ಹಗ್ಗಗಳ ಕೆಳಗೆ ತಲೆ ತಗ್ಗಿಸಿ ಆ ಗೋಡೆಯಿಂದ ಈ ಗೋಡೆಗೆ ಹೋಗಿ ಬರುವುದು. ಆ ಹೊಲಿಗೆಯಿಂದಾಗಿ ತೇಗೂ ಬರುತ್ತಿರಲಿಲ್ಲ, ಹೊಟ್ಟೆ ಉಬ್ಬರಿಸಿ ಸಂಕಟವಾಗುತ್ತಿತ್ತು. ಅವರು ಪಕ್ಕದಲ್ಲೇ ನಡೆಯುತ್ತ ಹಳೆಯ ಹುಡುಗಿಯರ ಕತೆ ಹೇಳುತ್ತಿದ್ದರು: ಗುಂಡೆಸೆತದಲ್ಲಿ ಜಿಲ್ಲೆಗೇ ಮೊದಲು ಬಂದವಳು ಈಗ ಅನ್ನಪೂರ್ಣೇಶ್ವರಿ ನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ, ಓಟದಲ್ಲಿ ಯಾರಿಗೂ ಸಿಗದವಳು ಈಗ ಮೊಮ್ಮಗನ ಹಿಂದೆ ಓಡಲಾರೆ ಅನ್ನುತ್ತಾಳೆ. ದೂರದಲ್ಲಿ ಮೆಟ್ರೊ ಹೋದರೆ ನಿಂತು ನೋಡುವರು. ಆ ದಿನಗಳಲ್ಲಿ ನನಗೆ ಏನೋ ಒಂದು ಸುಖವಿತ್ತು. ಮತ್ತೆ ಸ್ಕೂಲಿಗೆ ಸೇರಿದಂತೆ.

ಗಂಜಿಯ ದಿನಗಳು ಮುಗಿದು, ಮೆತ್ತನೆಯದನ್ನು ತಿನ್ನಬಹುದು ಎಂದು ಡಾಕ್ಟರು ಒಪ್ಪಿಗೆ ಕೊಟ್ಟ ಬೆಳಿಗ್ಗೆ ಯಜಮಾನರು ಇಡ್ಲಿ ತಂದರು. ಇಷ್ಟು ದಿನದ ಆಸೆ. ದೊಡ್ಡ ತುಂಡನ್ನೇ ಅಗಿದೂ ಅಗಿಯದೆ ನುಂಗಿಬಿಟ್ಟೆ. ಅದು ಎದೆಯ ನಡುವೆ ಹೋಗಿ ಕಲ್ಲಿನಂತೆ ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಬಾಯಲ್ಲಿ ಜೊಲ್ಲು ತುಂಬಿ ಬಂತು, ಉಗುಳು ನುಂಗುವುದಕ್ಕೂ ಆಗದು. ಕಣ್ಣು ಕತ್ತಲಿಟ್ಟಿತು. ಯಜಮಾನರು ಗಾಬರಿಯಾಗಿ ಆಟೋ ಕರೆತಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವಾಗಲೇ ಆ ಕಲ್ಲು ತಾನಾಗಿಯೇ ಮೆಲ್ಲಗೆ ಜಾರಿ ಕೆಳಗಿಳಿಯಿತು. ಡಾಕ್ಟರು ಪರೀಕ್ಷೆ ಮಾಡಿ, “ಹೊಲಿಗೆ ಸರಿಯಾಗಿದೆ. ಒಳಗೆ ಇನ್ನೂ ಊತ ಇದೆ, ಇಳಿಯತ್ತೆ. ಚಿಕ್ಕ ತುತ್ತು, ಚೆನ್ನಾಗಿ ಅಗೀಬೇಕು, ಅಷ್ಟೇ” ಎಂದರು.

ಅವರು ಅಷ್ಟೇ ಎಂದರು. ಅಂದಿನಿಂದ ನಾನು ತಿನ್ನುವುದನ್ನೇ ಬಿಟ್ಟೆ. ತಟ್ಟೆ ಕಂಡರೆ ಎದೆ ಬಿಗಿಯುತ್ತಿತ್ತು. ಗಂಜಿ, ಮಜ್ಜಿಗೆ, ಬೇಳೆಕಟ್ಟು, ಮತ್ತೆ ಗಂಜಿ. ಊತ ಪೂರ್ತಿ ಇಳಿದಿದೆ, ಇನ್ನು ಅನ್ನ ತಿನ್ನಲೇಬೇಕು ಎಂದು ಡಾಕ್ಟರು ಮತ್ತೊಮ್ಮೆ ನೋಡಿ ಹೇಳಿದರೂ ನನ್ನ ಕೈ ಬಾಯಿಗೆ ಹೋಗಲಿಲ್ಲ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸ್ವರವೇನೋ ತಿಳಿಯಾಗಿತ್ತು, ಆದರೆ ಕ್ಲಾಸಿನಲ್ಲಿ ನಿಲ್ಲುವ ತ್ರಾಣವಿಲ್ಲದೆ ರಜೆ ಮುಂದುವರಿಸಿದೆ. ಯಜಮಾನರು ಬೇಡಿಕೊಂಡರು, ಒಂದು ದಿನ ಸಿಟ್ಟಿನಿಂದ ಕೂಗಾಡಿಯೂ ಬಿಟ್ಟರು, ಆಮೇಲೆ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ನಾನು ನೋಡಿಯೂ ನೋಡದವಳಂತೆ ಮಲಗಿದ್ದೆ.

ಮಿಸ್ ಬೈಯಲಿಲ್ಲ. ಒಂದು ಬೆಳಿಗ್ಗೆ ತಾರಸಿಯಲ್ಲಿ ನಡೆದು ಸುಸ್ತಾಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತೆವು. ಅವರ ಮಂಡಿ ಟಕ್ ಎಂದಿತು.

“ಈ ಮಂಡಿ ಹೀಗ್ಯಾಕಾಯ್ತು ಅಂತ ನೀವ್ಯಾರೂ ಕೇಳ್ಲೇ ಇಲ್ವಲ್ಲ ಮರಿ?”

“ಕೇಳೋಕೆ ಹೆದರಿಕೆ ಮಿಸ್.”

“ಕಾಲೇಜಲ್ಲಿ ನಾನು ಹೈಜಂಪ್. ಚೆನ್ನಾಗೇ ಹಾರ್ತಿದ್ದೆ. ಒಂದಿನ ಬಿದ್ದೆ, ಮಂಡಿ ತಿರುಚ್ಕೊಳ್ತು. ಪ್ಲಾಸ್ಟರ್ ಬಿಚ್ಚಿದ್ ಮೇಲೆ ಡಾಕ್ಟ್ರು, ಹೋಗಮ್ಮ, ಸರಿಹೋಗಿದೆ, ಹಾರು ಅಂದ್ರು. ಗಳದ ಹತ್ರ ಓಡೋಗ್ತಿದ್ದೆ, ನಿಂತುಬಿಡ್ತಿದ್ದೆ. ದಿನಾ ಹೋಗೋದು, ದಿನಾ ನಿಲ್ಲೋದು. ಆಮೇಲೆ ಹೋಗೋದೂ ಬಿಟ್ಟೆ.” ಮಂಡಿಯನ್ನು ಅಂಗೈಯಿಂದ ಒಮ್ಮೆ ಸವರಿಕೊಂಡರು. “ನಿಮ್ಗೆಲ್ಲ ಓಡು ಓಡು ಅಂತಿದ್ನಲ್ಲ, ಅದು ನಿಮ್ಗಲ್ಲ ಕಣೇ ಹೇಳ್ತಿದ್ದಿದ್ದು.”

ಅವರು ಎದ್ದರು. ಬಟ್ಟೆ ಹಗ್ಗವೊಂದನ್ನು ಬಿಚ್ಚಿ, ಒಂದು ತುದಿಯನ್ನು ಟ್ಯಾಂಕಿನ ಪೈಪಿಗೆ, ಇನ್ನೊಂದನ್ನು ಹೂಕುಂಡಕ್ಕೆ ಕಟ್ಟಿದರು. ಪಾದದ ಗಂಟಿನಷ್ಟು ಎತ್ತರ, ಅಷ್ಟೇ.

“ಮಿಸ್, ಬೇಡ. ಏನ್ ಮಾಡ್ತಾ ಇದೀರ? ಬಿದ್ಬಿಡ್ತೀರ!”

“ಬಿದ್ರೆ ನೀನು ಎತ್ತು. ನಾನು ಹಾರಿದ್ರೆ ನೀನು ಒಂದು ತುತ್ತು ತಿನ್ಬೇಕು. ಆಯ್ತಾ?”

ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯವರೆಗೆ ಹಿಂದೆ ಸರಿದರು. ಓಡಿ ಬಂದರು. ಹಗ್ಗದ ಹತ್ತಿರ ನಿಂತುಬಿಟ್ಟರು. ಮತ್ತೆ ಹಿಂದೆ ಹೋದರು, ಓಡಿ ಬಂದರು, ಮತ್ತೆ ನಿಂತರು. ಹಣೆ ಬೆವರಿತ್ತು. ಮುಖದಲ್ಲಿ ಈಗ ತಮಾಷೆ ಇರಲಿಲ್ಲ. ಮಗುವೂ ದಾಟಬಹುದಾದ ಹಗ್ಗ ಅದು. ಎದುರು ಮನೆಯ ಆಂಟಿ ಹಪ್ಪಳ ಒಣಗಿಸುವುದನ್ನು ಬಿಟ್ಟು ನೋಡುತ್ತ ನಿಂತಿದ್ದರು. ಮೂರನೆಯ ಸಲ ಅವರು ಗೋಡೆಯ ಹತ್ತಿರ ನಿಂತು ನನ್ನ ಕಡೆ ನೋಡಿದಾಗ, ನನಗೇ ಗೊತ್ತಿಲ್ಲದೆ ಕೂಗಿಬಿಟ್ಟೆ:

“ನೋಡಿದ್ದು ಸಾಕು ಮಿಸ್, ಓಡಿ!”

ಹಾರಿದರು. ಎರಡೂ ಕಾಲು ನೆಲ ಬಿಟ್ಟಿದ್ದವು; ನಾನು ಕಣ್ಣಾರೆ ಕಂಡಿದ್ದೇನೆ. ಆಚೆ ಬದಿಗೆ ಮುಗ್ಗರಿಸಿ, ಗೋಡೆ ಹಿಡಿದು ನಿಂತು, ಏದುಸಿರು ಬಿಡುತ್ತ ನಗತೊಡಗಿದರು. ಎದುರು ಮನೆಯ ಆಂಟಿ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು.

ಕೆಳಗಿಳಿದು ಬಂದು ಅವರೇ ಮೆತ್ತಗಿನ ಮೊಸರನ್ನ ಕಲಸಿದರು. ಉಪ್ಪು ಮರೆತಿದ್ದರು. ಹುಣಿಸೆಬೀಜದಷ್ಟು ತುತ್ತು ಬಾಯಿಗಿಟ್ಟು, ಅದು ನೀರಾಗುವವರೆಗೆ ಅಗಿದೆ. ನುಂಗುವಾಗ ಅವರ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಉಗುರಿನ ಗುರುತು ಬಿದ್ದಿತ್ತು. ಇಳಿಯಿತು. ಸದ್ದಿಲ್ಲದೆ, ನೋವಿಲ್ಲದೆ ಇಳಿಯಿತು. “ಇನ್ನೊಂದು” ಎಂದರು. ಅದೂ ಇಳಿಯಿತು. ಆ ದಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ಯಜಮಾನರು ಮೊದಲ ಶಿಫ್ಟ್ ಮುಗಿಸಿ ಫ್ಯಾಕ್ಟರಿಯಿಂದ ಬಂದಿದ್ದರು. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡುವುದನ್ನೂ ಮರೆತು ನೋಡಿದರು.

ಜೂನಿನಲ್ಲಿ ಶಾಲೆಗೆ ಹೋದೆ. ಪದ್ಯವನ್ನು ಕೊನೆಯ ಸಾಲಿನವರೆಗೆ ರಾಗವಾಗಿ ಓದಿದೆ, ಎಲ್ಲೂ ಒಡೆಯಲಿಲ್ಲ. ಸಂಜೆ ಅವರ ಮನೆಗೆ ಹೋಗಿ ಹೇಳಿದರೆ, “ಎಲ್ಲಿ, ಓದು” ಎಂದು ಕೂರಿಸಿ ಪೂರ್ತಿ ಓದಿಸಿದರು. ಹಗ್ಗ ಹಾರಿದ ಮೇಲೆ ಮಂಡಿಗೆ ತಿಂಗಳುಗಟ್ಟಲೆ ನೋವೆಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದರೆಂದು ಅವರ ತಮ್ಮನ ಮಗಳಿಂದ ಆಮೇಲೆ ತಿಳಿಯಿತು. ನನ್ನೆದುರು ಒಂದು ಸಲವೂ ಹೇಳಲಿಲ್ಲ.

ಕಳೆದ ವರ್ಷ ಅವರು ಹೋದರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಜಗಲಿಯ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರಂತೆ; ಸುದ್ದಿ ಕೇಳಿ ನಾನು ಓಡಿಹೋದಾಗಲೂ ಹಾಗೆಯೇ ಇದ್ದರು. ಅವರ ಬೆನ್ನು ಯಾವುದಕ್ಕಾದರೂ ಒರಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವೈಕುಂಠ ಸಮಾರಾಧನೆಗೆ ಕೆಂಗೇರಿ ಉಪನಗರಕ್ಕೆ ಹೋಗಿದ್ದೆವು. ಬ್ಯೂಟಿ ಪಾರ್ಲರಿನವಳು ಬಂದಿದ್ದಳು, ಮೊಮ್ಮಗನ ಹಿಂದೆ ಓಡಲಾರದವಳೂ ಬಂದಿದ್ದಳು. ಎಲೆಯ ತುಂಬ ಬಡಿಸಿದರು: ಕೋಸಂಬರಿ, ಪಲ್ಯ, ಅನ್ನ, ಸಾರು, ಒಬ್ಬಟ್ಟು, ವಡೆ. ಹೊರಗಿನ ಊಟದಲ್ಲಿ ಇವತ್ತಿಗೂ ನನ್ನದು ಎಲ್ಲರಿಗಿಂತ ನಿಧಾನ. ಸಾಲಿನವರೆಲ್ಲ ಎದ್ದು ಹೋದರು. ಎಲೆ ಎತ್ತುವವನು ಬಂದು, “ಮೇಡಂ, ಆಯ್ತಾ?” ಎಂದ. ಅವರ ತಮ್ಮನ ಮಗಳು ದೂರದಿಂದಲೇ ಕೈಸನ್ನೆ ಮಾಡಿ ಅವನನ್ನು ಕರೆದುಕೊಂಡಳು. ಆಮೇಲೆ ನನ್ನ ಎದುರಿನ ಖಾಲಿ ಜಾಗದಲ್ಲಿ ಬಂದು ಕೂತು, “ನಿಧಾನಕ್ಕೆ ಮಾಡಿ ಅಕ್ಕ” ಎಂದಳು.

ಒಬ್ಬಟ್ಟನ್ನು ಚಿಕ್ಕ ಚಿಕ್ಕ ಚೂರು ಮಾಡಿದೆ. ಒಂದೊಂದನ್ನೂ ಅಗಿದು, ಇಳಿಯಿತೆಂದು ಗೊತ್ತಾದಮೇಲೆ ಇನ್ನೊಂದು. ಎಲೆಯಲ್ಲಿ ಏನನ್ನೂ ಬಿಡಲಿಲ್ಲ.