ಹುಳುಮನೆಯೊಳಗೆ ಒಂದು ಪಿಸುಜಗಳ

ಶಿಡ್ಲಘಟ್ಟದ ನನ್ನ ಬಾಡಿಗೆ ಮನೆಯ ಯಜಮಾನಮ್ಮನಿಗೆ ಬಾಗಿಲು ಬಡಿಯುವ ಅಭ್ಯಾಸವೇ ಇರಲಿಲ್ಲ. ಅವರ ಸೊಂಟದ ಗೊಂಚಲಿನಲ್ಲಿ ನನ್ನ ಮನೆಯದೂ ಒಂದು ಕೀ ಇತ್ತು. ನಾನಿದ್ದರೂ ಬರುತ್ತಿದ್ದರು, ಇಲ್ಲದಿದ್ದರೂ ಬರುತ್ತಿದ್ದರು. ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿ, "ಹುಳಿ ಜಾಸ್ತಿ ಆಯ್ತು ಕಣಮ್ಮ" ಎನ್ನುತ್ತಿದ್ದರು. ಆ ಧೈರ್ಯಕ್ಕೆ ನಾನು ಬೆರಗಾಗಿ ನಿಂತುಬಿಡುತ್ತಿದ್ದೆ. ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ನೀರು ಪೋಲು ಮಾಡಬಾರದು ಎಂದೆಲ್ಲ ಇತ್ತು. ಮನೆಯ ಯಜಮಾನರು ಯಾವಾಗ ಒಳಗೆ ಬರಬಹುದು ಎಂಬುದಕ್ಕೆ ಒಂದಕ್ಷರವೂ ಇರಲಿಲ್ಲ.

ಸಾರಿನ ವಿಷಯವಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಬೀರುವಿನಲ್ಲಿ, ಸೀರೆಗಳ ಹಿಂದೆ, ಅಪ್ಪ ಕೊಟ್ಟ ಪುಟ್ಟ ಬುದ್ಧನ ಮೂರ್ತಿ ಇತ್ತು. ಹಿಂದೆ ಚಿಂತಾಮಣಿಯಲ್ಲಿದ್ದಾಗ ನಾವು ಬೌದ್ಧರು, ಅಂದರೆ ಯಾವ ಕೇರಿಯವರು ಎಂದು ಗೊತ್ತಾಗಿದ್ದೇ ತಡ, ಆ ಮನೆಯವರಿಗೆ ದಿಢೀರನೆ ತಮ್ಮ ಮಗಳ ಸಂಸಾರಕ್ಕೆ ಮನೆ ಬೇಕಾಗಿಬಿಟ್ಟಿತ್ತು. ಅದಕ್ಕೇ ಇಲ್ಲಿ "ನೀವು ಯಾವ ಪೈಕಿ?" ಎಂದು ಕೇಳಿದಾಗ, ತಾಲ್ಲೂಕು ಆಫೀಸಿನ ಪೈಕಿ ಎಂದು ನಕ್ಕು ಮಾತು ಹಾರಿಸಿದ್ದೆ. ಯಜಮಾನಮ್ಮ ಬೀರು ತೆರೆದ ದಿನ ಮತ್ತೆ ಗಂಟುಮೂಟೆ ಕಟ್ಟುವುದೇ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದರೆ, ಟೆರೇಸಿನ ಮೇಲೆ ಒಣಗಲು ಹಾಕಿದ್ದ ನನ್ನ ಬಟ್ಟೆಗಳೆಲ್ಲ, ಒಳಉಡುಪೂ ಸೇರಿ, ಮಂಚದ ಮೇಲೆ ನೀಟಾಗಿ ಮಡಚಿಕೊಂಡು ಕೂತಿದ್ದವು. ನೆತ್ತಿಗೇರಿತು ಕೋಪ. ದಡದಡನೆ ಮೆಟ್ಟಿಲಿಳಿದು ಹಿತ್ತಿಲಿಗೆ ಹೋದೆ. ಅಲ್ಲಿ ಅವರ ಹುಳುಮನೆ, ರೇಷ್ಮೆ ಹುಳ ಸಾಕುವ ಕೋಣೆ. ಬಾಗಿಲು ತಳ್ಳಿದೆ.

"ಉಂಡಮ್ಮಾ, ಉಂಡು!" ಗಾಬರಿಯಾದರೆ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಇರು ಎಂದು ಕೈಯಡ್ಡ ಹಿಡಿದೇ ಬಂದರು. "ಹಂಗೆಲ್ಲಾ ನುಗ್ಗೋದಾ? ಹುಳ ಜ್ವರಕ್ಕೆ ಕೂತವೆ. ನಮ್ಮಕ್ಕ ಬಂದ್ರೂ ನಾನು ಒಳಕ್ಕೆ ಬಿಡಲ್ಲ."

ಬಾಗಿಲು ಹಾಕಿಬಿಡುತ್ತಾರೆ ಅಂದುಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿಸಿ, ಕೈ ತೊಳೆಸಿ, ಒಳಗೆ ಕರೆದರು. "ಜೋರಾಗಿ ಮಾತಾಡ್ಬೇಡ."

ಹಗಲೆಲ್ಲ ಸೊಪ್ಪು ಮೇಯುವ ಹುಳಗಳ ಸದ್ದು ನನ್ನ ಕಿಟಕಿಗೇ ಕೇಳಿಸುತ್ತಿತ್ತು. ಈಗ ಒಂದು ಎಲೆಯೂ ಇರಲಿಲ್ಲ. ಅಟ್ಟಣಿಗೆಗಳ ತುಂಬಾ ಸಾವಿರಾರು ಹುಳಗಳು ತಲೆ ಎತ್ತಿ, ಒಂದೂ ಅಲುಗದೆ ಕೂತಿದ್ದವು. ಪೊರೆ ಕಳಚುವ ಮುಂಚೆ ಹೀಗೆ ಕೂರುತ್ತವಂತೆ. ಅದನ್ನೇ ಜ್ವರ ಎನ್ನುವುದು. ನಾನು ಯಾಕೆ ಬಂದೆ ಎಂಬುದೇ ಮರೆತುಹೋಯಿತು. ಅಷ್ಟೊಂದು ಜೀವಗಳ ಅಷ್ಟು ಮೌನವನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.

"ಹೆಂಗೆ ಕೂತವೆ ನೋಡು," ಯಜಮಾನಮ್ಮ ಪಿಸುಗುಟ್ಟಿದರು. "ನಿನ್ನ ಬೀರುನಲ್ಲಿರೋ ಬುದ್ಧಪ್ಪನ ಥರ."

ನಾನು ತಟ್ಟನೆ ಅವರತ್ತ ತಿರುಗಿದೆ. "ಯಾವಾಗ ನೋಡಿದ್ರಿ?"

"ನೀನು ಬಂದ ವಾರದಲ್ಲೇ."

ಅಂದರೆ ಎಲ್ಲ ಗೊತ್ತಿದ್ದೇ ಅಷ್ಟು ದಿನ ನನ್ನ ಸಾರು ನೆಕ್ಕಿದ್ದರು. ಯಾರಿಗೂ ಹೇಳಿರಲಿಲ್ಲ. ಈಗ ಅಕ್ಕನನ್ನೂ ಬಿಡದ ಕೋಣೆಗೆ ನನ್ನನ್ನು ಕರೆದಿದ್ದರು. ಈ ಹೆಂಗಸು ಎಂಥವಳು ಎಂದು ಸೋಜಿಗವಾಯಿತು. ಹಾಗೆಂದು ಬೀರು ತೆಗೆದಿದ್ದನ್ನು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ.

"ನಿಮ್ಮ ಹುಳದ ಮನೆಗೆ ಕೇಳದೆ ಯಾರೂ ಬರೋ ಹಾಗಿಲ್ಲ. ನನ್ನ ಮನೆಗೆ ಬರಬಹುದಾ ಅಮ್ಮಾ?" ಎಂದೆ, ಪಿಸುಮಾತಿನಲ್ಲೇ.

ಅವರು ಸೊಂಟದಿಂದ ಗೊಂಚಲು ತೆಗೆದರು. ಅದರ ಬಿಗಿ ಉಂಗುರವನ್ನು ಹಲ್ಲಿನಿಂದ ಬಿಡಿಸಿ, ನನ್ನ ಮನೆಯ ಕೀ ತೆಗೆದು ನನ್ನ ಕೈಗಿಟ್ಟರು.

"ಬುದ್ಧಪ್ಪನ್ನ ಬೀರುನಿಂದ ಆಚೆ ಇಡು. ಕತ್ತಲಲ್ಲಿ ಯಾಕೆ ಕೂರಿಸಿದ್ದೀಯ? ಯಾರಾದ್ರೂ ಕೇಳಿದ್ರೆ ನನ್ನತ್ರ ಕಳ್ಸು."

ಇವರಿಗೇ ಅಲ್ಲವೇ ನಾನು ಇಷ್ಟು ದಿನ ಹೆದರಿದ್ದು ಎಂದು ಅಳು ಬಂತು. ಹುಳಗಳಿಗೆ ತೊಂದರೆಯಾದೀತೆಂದು ಸದ್ದು ಮಾಡದೆ ಅತ್ತೆ.