ಮರಳಿನಲ್ಲಿ ಕಲಿತ ಆಟ

"ಚೆಂಡು ಒದೆಯೋನಿಗೆ ಡಿಗ್ರಿ ಯಾರು ಕೊಡ್ತಾರೋ? ಆಗೋ ಮಾತಲ್ಲ ಬಿಡು" ಅಂದವರು ನನ್ನ ಸೋದರಮಾವ. ನೈರೋಬಿಯ ಸಿರಿವಂತರ ಬಡಾವಣೆ ಮುಥೈಗಾದ ಬಂಗಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ.

ಎಂಬತ್ತರ ದಶಕದಲ್ಲಿ ನೈರೋಬಿಯ ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ಊರು ನೋಡಿ ಹುಡುಗರನ್ನು ಆರಿಸುತ್ತಿದ್ದರು. ಗುಡ್ಡಗಾಡಿನವರು ಓಡುವುದಕ್ಕೆ, ಪಶ್ಚಿಮದ ದೊಡ್ಡ ಸರೋವರದ ಕಡೆಯ ಎತ್ತರದ ಹುಡುಗರು ಚೆಂಡಿಗೆ ತಲೆ ಕೊಡುವುದಕ್ಕೆ. ನಾನು ಮೊಂಬಾಸಾದ ಕಡಲತೀರದಲ್ಲಿ ಆಡಿ ಬೆಳೆದವನು.

"ಮರಳಲ್ಲಿ ಚೆಂಡು ದೂರ ಉರುಳಲ್ಲ. ಅದಕ್ಕೇ ನೀವು ಹತ್ತಿರದಲ್ಲೇ ಪಾಸ್ ಕೊಡ್ತೀರಿ. ನನಗೆ ಅದೇ ಬೇಕು" ಅಂದರು ಕೋಚ್. ಅಂಕಪಟ್ಟಿ ಕೇಳಲೇ ಇಲ್ಲ. ಅಲ್ಲೇ ಅನುಮಾನ ಹತ್ತಿತು: ಸೀಟು ಕೊಟ್ಟದ್ದು ನನಗೋ, ನನ್ನ ಕಾಲಿಗೋ?

ಕಡಲ ಮಟ್ಟದಿಂದ ಬಂದ ನನಗೆ ನೈರೋಬಿಯ ಎತ್ತರದಲ್ಲಿ ತಿಂಗಳುಗಟ್ಟಲೆ ಏದುಸಿರು. ಆಟ ಕೆಟ್ಟರೆ ಓದಾದರೂ ಸೀಟು ಉಳಿಸಲಿ ಎಂದು ಹಟ ಹಿಡಿದು ಓದಿದೆ. ತೇರ್ಗಡೆಯಾದಾಗಲೂ ಕೋಚ್ ಹೇಳಿ ಮಾಡಿಸಿದರೇನೋ ಎಂಬ ಸಂಶಯ. ಮೇಷ್ಟರನ್ನು ಕಾಡಿ ಉತ್ತರಪತ್ರಿಕೆ ನೋಡಿದೆ. ಅಂಕವೆಲ್ಲ ನಾನು ಬರೆದದ್ದಕ್ಕೇ ಬಿದ್ದಿತ್ತು; ಆದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಪದವಿಪತ್ರ ಪಡೆದವನೇ ಮಾವನ ಕೈಗಿಟ್ಟೆ. ಇಂಗ್ಲಿಷ್ ಓದಲು ಬಾರದ ಅವರು ಹಿಂದೆ ಮುಂದೆ ತಿರುಗಿಸಿದರು.

"ಇದರಲ್ಲಿ ಫುಟ್‌ಬಾಲ್ ಅಂತ ಎಲ್ಲಾದ್ರೂ ಬರೆದಿದಾರೇನೋ?"

"ಇಲ್ಲ ಮಾವ."

"ಹಂಗಾದ್ರೆ ನೀನೇ ಓದಿ ತಗೊಂಡಿದ್ದು ಕಣೋ."